ಹೆಲಿಪ್ಯಾಡ್ ಇರ್ಲಿ ಏರ್‌ಸ್ಟ್ರಿಪ್ ಇರ್ಲಿ, ಸೇಫ್ಟಿ ಮ್ಯಾನೇಜ್ಮೆಂಟ್ ಸಿಸ್ಟಂ ನಿಜವಾಗ್ಲೂ ನಡಿಯೋ ಹಂಗ ಕಟ್ಟೋದು ಹೆಂಗ

ನಮ್ಮ ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆ ಮೊದ್ಲು ವಿಮಾನ ಅಂದ್ರ ತಲಿ ಎತ್ತಿ ನೋಡಿ ಸುಮ್ನಾಗೋದು ಅಷ್ಟ ಇತ್ತು. ಈಗ ಹಂಗಿಲ್ಲ ನೋಡ್ರಿ, ತೋರಣಗಲ್ಲಿನ ವಿದ್ಯಾನಗರ ಏರ್‌ಪೋರ್ಟಿಗೆ 2017ರಾಗ ಉಡಾನ್ ಫ್ಲೈಟ್ ಶುರು ಆದ್ವು, ಕೊಪ್ಪಳದ ಹತ್ರ ಖಾಸಗಿ ಏರ್‌ಸ್ಟ್ರಿಪ್ ಐತಿ, ರಾಯಚೂರಿನ ಯರಮರಸ್‌ದಾಗ ಏರ್‌ಪೋರ್ಟ್ ಕೆಲ್ಸ ಹಿಡಿದಾರ, ಎಲೆಕ್ಷನ್ ಬಂತಂದ್ರ ತಾಲೂಕಿಗೊಂದು ಹೆಲಿಪ್ಯಾಡ್ ಏಳ್ತೈತಿ, ಸಿಂಧನೂರು ಗಂಗಾವತಿ ಕಡೆ ಗದ್ದಿ ಮ್ಯಾಲ ಔಷಧ ಹೊಡಿಯೋ ಡ್ರೋನ್ ಬಂದಾವ. ಇದ್ರಾಗೆಲ್ಲ ನಮ್ಮ ಹುಡುಗ್ರು ಕೆಲ್ಸಕ್ಕ ಸೇರಾಕತ್ಯಾರ. ಸೇರಿದ ಕೂಡ್ಲೆ ಅವ್ರ ಕೈಗೆ ಇಂಗ್ಲಿಷ್‌ದಾಗ ಒಂದು ದಪ್ಪ ಸೇಫ್ಟಿ ಮ್ಯಾನ್ಯುಯಲ್ ಕೊಟ್ಟು "ಓದಿ ಸೈನ್ ಹಾಕು" ಅಂತಾರ, ಇವ್ರು ಸೈನ್ ಹಾಕ್ತಾರ, ಓದೋದು ಯಾರು. ಅದಕ್ಕ ಈ ಬರಹ. ಸೇಫ್ಟಿ ಮ್ಯಾನೇಜ್ಮೆಂಟ್ ಸಿಸ್ಟಂ ಅಂದ್ರ ಅಪಾಯನ ಮೊದ್ಲ ಹುಡುಕಿ ಸರಿ ಮಾಡೋ ಪದ್ಧತಿ, ಅದನ್ನ ಮುಂದ ಎಸ್‌ಎಂಎಸ್ ಅಂತನ ಬರೀತೀನಿ.

ಹಿನ್ನೆಲೆ ಸ್ವಲ್ಪ ಹೇಳಿ ಮುಗಿಸ್ತೀನಿ. ಜಗತ್ತಿನ ವಿಮಾನಯಾನಕ್ಕ ನಿಯಮ ಮಾಡೋ ಐಕಾವೊ ಅನ್ನೋ ಸಂಸ್ಥೆ ಸೇಫ್ಟಿ ಮ್ಯಾನೇಜ್ಮೆಂಟ್‌ಗ ಅಂತನ ಅನೆಕ್ಸ್ 19 ಮಾಡಿ 2013ರ ನವೆಂಬರ್‌ದಿಂದ ಜಾರಿಗೆ ತಂತು, ಅದನ್ನ ಹೆಂಗ ಮಾಡ್ಬೇಕು ಅನ್ನೋದು ಅವ್ರದ ಡಾಕ್ಯುಮೆಂಟ್ 9859ರಾಗ ಐತಿ, 2018ರಾಗ ಅದರ ನಾಕನೇ ಆವೃತ್ತಿ ಬಂತು. ನಮ್ಮ ದೇಶದ ವಿಮಾನಯಾನ ನೋಡ್ಕೊಳ್ಳೋ ಡಿಜಿಸಿಎ ಅದಕ್ಕಿಂತ ಮೊದ್ಲ, 2010ರಾಗ, ಎಸ್‌ಎಂಎಸ್ ಕಡ್ಡಾಯ ಅಂತ ನಿಯಮ ಹೊರಡಿಸಿತ್ತು. ಇದಕ್ಕ ನಾಕು ಕಂಬ ಅಂತಾರ: ಪಾಲಿಸಿ, ರಿಸ್ಕ್ ಮ್ಯಾನೇಜ್ಮೆಂಟ್, ಅಶ್ಯೂರೆನ್ಸ್ (ಮಾಡಿದ ಕ್ರಮ ಖರೇನ ನಡದೈತೇನು ಅಂತ ನೋಡೋದು), ಪ್ರೊಮೋಷನ್ (ಎಲ್ಲಾರಿಗೂ ಕಲಿಸೋದು, ತಿಳಿಸೋದು). ನಾಕರ ಒಳಗ ಒಟ್ಟು 12 ಅಂಶ. ಆಡಿಟ್‌ನ್ಯಾಗ ಈ 12ಕ್ಕೂ ಟಿಕ್ ಬೀಳ್ತೈತಿ, ಯಾಕಂದ್ರ ಕಾಗದ ಎಲ್ಲಾರ ಹತ್ರಾನೂ ಇರ್ತೈತಿ. ನನ್ನ ಕೇಳಿದ್ರ ಎಸ್‌ಎಂಎಸ್ ಜೀವಂತ ಐತೋ ಇಲ್ಲೋ ಅಂತ ತಿಳಿಯಾಕ ಒಂದ ಪ್ರಶ್ನೆ ಸಾಕು: ಎಲ್ಲಾರಕಿಂತ ಕಡಿಮಿ ಪಗಾರದಾಂವ, ಕಸ ಹೊಡಿಯಾಂವ, ಲೋಡರು, ಟ್ಯಾಂಕರ್ ಹೆಲ್ಪರು, ಇವ್ರ ಪೈಕಿ ಯಾರರೆ ಕಳೆದ ತಿಂಗಳು "ಇಲ್ಲಿ ಏನೋ ಸರಿ ಇಲ್ರಿ" ಅಂತ ಹೇಳ್ಯಾರೇನು, ಹೇಳಿದ್ದಕ್ಕ ಅವ್ರಿಗೆ ಉತ್ರ ಸಿಕ್ಕೈತೇನು? ಸಿಕ್ಕಿದ್ರ ಉಳಿದದ್ದು ಕಟ್ಟಬಹುದು.

ಯಾರ ತಲಿ ಮ್ಯಾಲ ಜವಾಬ್ದಾರಿ

ಮೊದ್ಲನೇ ಕೆಲ್ಸ ಇದು, ಉದ್ದ ಎಳಿಯೋದು ಬ್ಯಾಡ. ಅಕೌಂಟಬಲ್ ಎಕ್ಸಿಕ್ಯುಟಿವ್ ಅಂತ ಒಬ್ರ ಹೆಸ್ರು ಬರೀಬೇಕು, ಅಂವ ರೊಕ್ಕಕ್ಕ ಸೈನ್ ಹಾಕೋ ಮನಷ್ಯಾ ಆಗಿರಬೇಕು. ಬೇಲಿ ಹಾಕ್ಸು ಅಂದ್ರ "ಮ್ಯಾಲ ಕೇಳ್ಬೇಕ್ರಿ" ಅನ್ನೋ ಮನಷ್ಯಾನ್ನ ಅಲ್ಲಿ ಕುಂದ್ರಿಸಿದ್ರ ಮುಗೀತು ಕಥಿ. ಆಮ್ಯಾಲ ಸೇಫ್ಟಿ ಮ್ಯಾನೇಜರ್, ಅಂವಗ ಆ ಅಕೌಂಟಬಲ್ ಎಕ್ಸಿಕ್ಯುಟಿವ್ ಹತ್ರ ಸೀದಾ ಹೋಗೋ ದಾರಿ ಇರ್ಬೇಕು, ನಡುವ ಆಪರೇಷನ್ಸ್ ಸಾಹೇಬ್ರು ಇರಬಾರ್ದು, ಯಾಕಂದ್ರ ಫ್ಲೈಟ್ ಟೈಮಿಗೆ ಬಿಡೋ ಅವಸರ ಅವ್ರದು, ತಡದು ನಿಲ್ಸೋ ಕೆಲ್ಸ ಇವಂದು. ಸಣ್ಣ ಜಾಗದಾಗ ಒಬ್ಬನ ಎರಡು ಮೂರು ಕೆಲ್ಸ ಮಾಡ್ತಾನ, ಅದು ಗೊತ್ತೈತಿ, ಆದ್ರ ಆಪರೇಷನ್ಸ್, ಸೇಫ್ಟಿ ಈ ಎರಡನ್ನ ಮಾತ್ರ ಒಬ್ಬನ ಹೆಗಲಿಗೆ ಹಾಕಬ್ಯಾಡ್ರಿ.

ಹಜಾರ್ಡ್ ಯಾವುದು, ಅದರಿಂದ ಆಗೋದು ಯಾವುದು

ಹಜಾರ್ಡ್ ರಿಜಿಸ್ಟರ್, ಅಂದ್ರ ಅಪಾಯದ ಮೂಲ ಬರ್ದಿಡೋ ಪುಸ್ತಕ, ತಗದು ನೋಡಿದ್ರ ಹತ್ತರಾಗ ಏಳೆಂಟು ಕಡೆ "ಹಕ್ಕಿ ಡಿಕ್ಕಿ", "ಬೆಂಕಿ", "ಅಪಘಾತ" ಅಂತ ಬರ್ದಿರ್ತಾರ. ಇವು ಹಜಾರ್ಡ್ ಅಲ್ರಿ, ಹಜಾರ್ಡ್‌ದಿಂದ ಆಗೋ ಪರಿಣಾಮ. ರನ್‌ವೇ ತುದಿಗೆ ಕೋಳಿ ಅಂಗಡಿ ತ್ಯಾಜ್ಯ ಸುರೀತಾರ, ಹದ್ದು ಸುತ್ತತಾವ, ಇದು ಹಜಾರ್ಡ್. ಹದ್ದು ಎಂಜಿನ್ನಿಗೆ ಹೋಗಿ ಪವರ್ ಹೋಗೋದು ಪರಿಣಾಮ. ಬರೇ ಪರಿಣಾಮ ಬರ್ದ್ರ ಏನು ಮಾಡ್ಬೇಕು ಅನ್ನೋದ ತೋಚಂಗಿಲ್ಲ, ಕಡೀಕ "ಪೈಲಟ್ ಎಚ್ಚರಿಕೆಯಿಂದಿರಬೇಕು" ಅಂತ ಬರ್ದು ಕೈ ತೊಳಕೊಂತಾರ. ಕೋಳಿ ತ್ಯಾಜ್ಯ ಅಂತ ಬರ್ದ್ರ ಯಾರ ಮನಿ ಬಾಗ್ಲಿಗೆ ಹೋಗಬೇಕು ಅನ್ನೋದು ಅಲ್ಲೇ ಐತಿ. ಏರ್‌ಕ್ರಾಫ್ಟ್ ರೂಲ್ಸ್‌ನ 91ನೇ ನಿಯಮ ಏರೋಡ್ರೋಮ್‌ದಿಂದ 10 ಕಿಲೋಮೀಟರ್ ಒಳಗ ಪ್ರಾಣಿ ಕಡಿಯೋದು, ಹಕ್ಕಿ ಎಳಿಯೋ ಅಂಥ ಹೊಲಸು ಚೆಲ್ಲೋದು ಮಾಡಂಗಿಲ್ಲ ಅಂತೈತಿ. ಅದನ್ನ ಕನ್ನಡದಾಗ ಬರ್ದು ಗ್ರಾಮ ಪಂಚಾಯ್ತಿಗೆ ಒಯ್ದು ಕೊಡ್ರಿ, ಪಿಡಿಒ ಜೋಡಿ ಕುಂತು ಚಾ ಕುಡೀರಿ, ಕಸ ಸುರಿಯಾಕ ಬ್ಯಾರೆ ಜಾಗ ತೋರಿಸ್ರಿ. ಜಾಗ ತೋರಿಸ್ದ ಬರೇ ನೋಟೀಸು ಕೊಟ್ರ ಹಗಲು ಸುರಿಯೋದನ್ನ ರಾತ್ರಿ ಸುರೀತಾರ.

ಹುಲ್ಲಿನ ಮಾತೂ ಇಲ್ಲೇ ಹೇಳ್ತೀನಿ. ಮಳೆಗಾಲದಾಗ ರನ್‌ವೇ ಬಾಜು ಹುಲ್ಲು ಕೊಯ್ದ ಕೂಡ್ಲೆ ಒಳಗಿನ ಹುಳ, ಮಿಡತಿ ಎಲ್ಲ ಹೊರಗ ಬೀಳ್ತಾವ, ಬೆಳ್ಳಕ್ಕಿ ಸಾಲುಗಟ್ಟಿ ಇಳೀತಾವ. ಅದಕ್ಕ ಹುಲ್ಲು ಕೊಯ್ಯೋ ಹೊತ್ತನ್ನ ಫ್ಲೈಟ್ ಟೈಮ್ ನೋಡಿ ಇಡಬೇಕು, ಗುತ್ತಿಗೆದಾರ ಮಷೀನ್ ತಂದಾಗ ಅಲ್ಲ.

ಒಂದು ಹೆಲಿಪ್ಯಾಡ್ ಹಿಡ್ಕೊಂಡು ಪೂರ್ತಿ ಮಾಡಿ ನೋಡೋಣು

ಏಪ್ರಿಲ್ ತಿಂಗ್ಳು, ಕೊಪ್ಪಳ ಜಿಲ್ಲೆದಾಗ ಯಾವುದೋ ಒಂದು ಕಾಲೇಜ್ ಗ್ರೌಂಡು ಅಂತ ಇಟ್ಕೊಳ್ರಿ, ನಾಳೆ ಮಧ್ಯಾಹ್ನ ಲೀಡರ್ ಹೆಲಿಕಾಪ್ಟರ್ ಇಳೀತೈತಿ. ಇವತ್ತು ಮಧ್ಯಾಹ್ನ ಅದ ಹೊತ್ತಿಗೆ ಹೋಗಿ ಗ್ರೌಂಡ್ ಸುತ್ತ ನಡೀರಿ. ಮುಂಜಾನೆ ಹೋದ್ರ ಉಪಯೋಗಿಲ್ಲ, ಗಾಳಿ ಬ್ಯಾರೆ ಇರ್ತೈತಿ, ಮಂದಿ ಬ್ಯಾರೆ ಇರ್ತಾರ. ಏನು ಕಾಣತೈತಿ? ಹಳೇ ಫ್ಲೆಕ್ಸ್ ಹರುಕು, ಖಾಲಿ ನೀರಿನ ಪ್ಯಾಕೆಟ್, ಶಾಮಿಯಾನದವ್ರು ಒಟ್ಟಿದ ಪ್ಲಾಸ್ಟಿಕ್ ಕುರ್ಚಿ. ಕಾಂಪೌಂಡ್ ಆಚೆ ನೋಡೋದನ್ನ ಮಂದಿ ಮರೀತಾರ, ಅಲ್ಲಿ ಬೇಸಿಗಿ ಭತ್ತದ ರಾಶಿ ಹಾಕಿ ಮ್ಯಾಲ ತಾಡಪತ್ರಿ ಹೊದಿಸಿರ್ತಾರ, ಮೂಲಿಗೆ ಒಂದೊಂದು ಕಲ್ಲು ಅಷ್ಟ. ರೋಟರ್ ಗಾಳಿಗೆ ಆ ಕಲ್ಲು ಯಾವ ಲೆಕ್ಕ. 2023ರ ಮಾರ್ಚ್‌ದಾಗ ಜೇವರ್ಗಿಯೊಳಗ ಯಡಿಯೂರಪ್ಪನವ್ರ ಹೆಲಿಕಾಪ್ಟರ್ ಇಳಿಯೋ ಹೊತ್ತಿಗೆ ಸುತ್ತಲಿನ ಪ್ಲಾಸ್ಟಿಕ್ ಎಲ್ಲ ಮ್ಯಾಲೆದ್ದು ಪೈಲಟ್ ಇಳಸೋದು ಬಿಟ್ಟು ವಾಪಸ್ ಮ್ಯಾಲ ಹೋದ್ರು, ಜಾಗ ಹಸನ ಮಾಡಿದ ಮ್ಯಾಲ ಇಳಿಸಿದ್ರು, ಆ ವಿಡಿಯೋ ನೀವೂ ನೋಡಿರ್ತೀರಿ.

ಈಗ ರಿಸ್ಕ್ ಲೆಕ್ಕ. ಎರಡು ಪ್ರಶ್ನೆ ಕೇಳ್ಕೊಳ್ರಿ, ಇದು ಆಗೋ ಸಾಧ್ಯತೆ ಎಷ್ಟು, ಆದ್ರ ಎಷ್ಟು ಕೆಟ್ಟದ್ದು. ಸಾಧ್ಯತೆಗೆ 5ರಿಂದ 1, 5 ಅಂದ್ರ ಪದೇ ಪದೇ ಆಗೋದು, 1 ಅಂದ್ರ ಆಗೋದ ಇಲ್ಲ ಅನ್ನೋ ಅಷ್ಟು ಅಪರೂಪ. ಕೆಟ್ಟದ್ದಕ್ಕ ಎ ಇಂದ ಇ, ಎ ಅಂದ್ರ ವಿಮಾನನ ಹೋತು ಜೀವಾನೂ ಹೋತು, ಇ ಅಂದ್ರ ಲೆಕ್ಕಕ್ಕಿಲ್ಲ. ಐಕಾವೊ ಕೊಟ್ಟ ಮಾದರಿ ಕೋಷ್ಟಕದಾಗ 5ಎ, 5ಬಿ, 5ಸಿ, 4ಎ, 4ಬಿ, 3ಎ ಇವು ಕೆಂಪು, ಅಂದ್ರ ಹಿಂಗಿದ್ದಾಗ ಕೆಲ್ಸ ನಿಲ್ಲಿಸ್ಬೇಕು. ನಡುವಿನ ಹಳದಿ ಮನಿಗಳಿಗೆ ಏನರೆ ಕ್ರಮ ತಗೊಂಡು, ಜವಾಬ್ದಾರಿ ಇದ್ದವ್ರು ಒಪ್ಪಿದ್ರ ನಡೀತೈತಿ. ನಮ್ಮ ತಾಡಪತ್ರಿ ಏನಾತು? ಹಾರೋ ಸಾಧ್ಯತೆ 4 ಅಂತ ಹಾಕ್ತೀನಿ, ರೋಟರಿಗೆ ಸಿಕ್ಕರ ಎ. 4ಎ, ಕೆಂಪು. ಈ ನಂಬರ್ ಬಗ್ಗೆ ಒಂದು ತಾಸು ಜಗಳ ಆಡಬ್ಯಾಡ್ರಿ, ಮೂರೋ ನಾಕೋ ಅಂತ ಮೀಟಿಂಗ್ ಮಾಡೋ ಹೊತ್ತಿಗೆ ತಾಡಪತ್ರಿ ತಗಸಬಹುದು. ನಂಬರ್ ಇರೋದು ಯಾವುದು ಮೊದ್ಲು ಮಾಡ್ಬೇಕು ಅಂತ ಸಾಲು ಹಚ್ಚಾಕ.

ತಗಸೋದು ಹೆಂಗ ಅಂದ್ರ, ಮೊದ್ಲು ತಪ್ಪಿಸಾಕ ಆಗ್ತೈತೇನು ನೋಡ್ಬೇಕು, ಅಂದ್ರ ಬ್ಯಾರೆ ಗ್ರೌಂಡ್ ಅಥವಾ ಕಾಂಕ್ರೀಟ್ ಹಾಕಿದ ಪಕ್ಕಾ ಹೆಲಿಪ್ಯಾಡ್ ಐತೇನು ಅಂತ. ಇಲ್ಲಂದ್ರ ಕಡಿಮಿ ಮಾಡ್ಬೇಕು, ಇಲ್ಲಂದ್ರ ದೂರ ಇಡಬೇಕು. ರೈತನ ಜೋಡಿ ಮಾತಾಡಿ ಹೆಲಿಕಾಪ್ಟರ್ ಹೋಗೋ ತನಕ ತಾಡಪತ್ರಿ ಮಡಚಿ ಇಡಸ್ರಿ, ಅಂವಗ ಭತ್ತ ಹಾರೀತು ಅನ್ನೋ ಚಿಂತಿ, ಅದೂ ಖರೇನ, ಅದಕ್ಕ ರಾಶಿ ಚೀಲಕ್ಕ ತುಂಬಾಕ ನಾಕು ಮಂದಿ ಹುಡುಗ್ರನ್ನ ಕೊಡ್ರಿ.

ಧೂಳಿನದು ಇದಕ್ಕಿಂತ ತ್ರಾಸಿನ ವಿಷಯ, ಇಲ್ಲಿ ಸ್ವಲ್ಪ ನಿಲ್ಲೋಣು. ಇಳಿಯೋ ಕಡೀ ಗಳಿಗಿಯೊಳಗ ಧೂಳೆದ್ರ ಪೈಲಟ್‌ಗ ನೆಲ ಕಾಣಂಗಿಲ್ಲ, ಹೆಲಿಕಾಪ್ಟರ್ ಬಾಜುಕ ಸರ್ಯಾಕತ್ತೈತೋ ಹಿಂದಕ ಹೊಂಟೈತೋ ಅನ್ನೋದ ತಿಳಿಯಂಗಿಲ್ಲ. ಎಲ್ಲಾರಿಗೂ ಗೊತ್ತಿರೋ ಉಪಾಯ ಟ್ಯಾಂಕರ್ ತಂದು ನೀರು ಹೊಡಿಯೋದು. ಮಸಾರಿ ಮಣ್ಣಾದ್ರ ಬರೋಬ್ಬರಿ. ಎರಿ ಮಣ್ಣಾದ್ರ? ರಾತ್ರಿಯೆಲ್ಲ ನೀರು ಕುಡಸಿದ್ರ ಅದು ಅಂಟಿನ ಹಂಗ ಆಗ್ತೈತಿ, ಗಾಲಿ ಹುಗೀತೈತಿ, ಏಳೋ ಹೊತ್ತಿಗೆ ಒಂದು ಬಾಜು ಅಂಟಿ ಇನ್ನೊಂದು ಬಾಜು ಎದ್ರ ಹೆಲಿಕಾಪ್ಟರ್ ಆ ಅಂಟಿದ ಕಡೀಗೆ ಮಗಚಿ ಬೀಳ್ತೈತಿ, ಡೈನಾಮಿಕ್ ರೋಲ್‌ಓವರ್ ಅಂತಾರ ಅದಕ್ಕ, ಒಮ್ಮೆ ಶುರು ಆದ್ರ ಕಣ್ಣು ಮಿಟಕಿಸೋದ್ರಾಗ ಮುಗೀತೈತಿ. ಧೂಳಿಗೆ ಹುಡುಕಿದ ಔಷಧನ ಹೊಸ ಹಜಾರ್ಡ್ ತಂತು ನೋಡ್ರಿ. ಅದಕ್ಕ ಪ್ರತಿ ಕ್ರಮ ಬರ್ದ ಮ್ಯಾಲ ರಿಜಿಸ್ಟರ್‌ದಾಗ ಇನ್ನೊಂದು ಕಾಲಂ ಇರಬೇಕು, "ಇದರಿಂದ ಹೊಸದಾಗಿ ಏನು ಬರ್ತೈತಿ" ಅಂತ. ಎರಿ ಗ್ರೌಂಡ್ ಆದ್ರ ನಡುವ ಗಟ್ಟಿ ಮೊರಂ ಹಾಕಿ ರೋಲರ್ ಹೊಡಸ್ರಿ, ಅದರ ಸುತ್ತ ನೀರು ಹೊಡೀರಿ, ಮಣ್ಣು ಮ್ಯಾಲ ಮ್ಯಾಲ ತೋಯಬೇಕು ಅಷ್ಟ. ಬಿಸಲಿಗೆ ಬ್ಯಾಗ ಆರತೈತಿ, ಇಳಿಯೋ ಮೊದ್ಲು ಇನ್ನೊಮ್ಮೆ ಹೊಡಿಯಾಕ ಟ್ಯಾಂಕರ್ ಅಲ್ಲೇ ಇರ್ಲಿ. ಇಷ್ಟು ಮಾಡಿದ ಮ್ಯಾಲ ಮತ್ತ ಲೆಕ್ಕ ಹಾಕ್ರಿ, 4ಎ ಇದ್ದದ್ದು 2ಎಗೆ ಬಂತಂದ್ರ ಹಳದಿ. ಹಸಿರಿಗೆ ಬರ್ಲಿಲ್ಲ ಅಂತ ಬ್ಯಾಸರಾಗಬ್ಯಾಡ್ರಿ, ಕೆಟ್ಟದ್ದು ಎ ಇದ್ದಲ್ಲಿ ಹಸಿರು ಸಿಗೋದ ಕಷ್ಟ.

ಮಂದಿ ವಿಷಯ ಎಲ್ಲಾರಿಗೂ ಗೊತ್ತಿದ್ದದ್ದ. ರೋಟರ್ ನಿಲ್ಲೋ ಮೊದ್ಲ ಹಾರ ಹಿಡ್ಕೊಂಡು ಓಡೋರು, ಹಿಂದಿನ ಸಣ್ಣ ಫ್ಯಾನ್ ತಿರುಗೋದು ಕಣ್ಣಿಗೆ ಕಾಣದ ಸೆಲ್ಫಿಗೆ ಹೋಗೋರು. ಬ್ಯಾರಿಕೇಡ್ ಹಾಕ್ರಿ, ಬಾಲದ ಕಡೆ ಒಬ್ಬ ಪೊಲೀಸ್‌ರನ್ನ ಅದಕ್ಕಂತನ ನಿಲ್ಲಸ್ರಿ, ಯಾರ ಹೋಗೋದಿದ್ರೂ ರೋಟರ್ ನಿಂತ ಮ್ಯಾಲ, ಪೈಲಟ್ ಸನ್ನಿ ಮಾಡಿದ ಮ್ಯಾಲ, ಮುಂದಿನಿಂದ.

ಕಡೀಗೆ ಪ್ರತಿ ಕ್ರಮದ ಮುಂದ ಒಂದು ಹೆಸ್ರು, ಒಂದು ಟೈಮು. "ಸಂಬಂಧಪಟ್ಟವರು ಕ್ರಮ ಕೈಗೊಳ್ಳಬೇಕು" ಅಂತ ಬರ್ದ್ರೋ ಆ ಸಂಬಂಧಪಟ್ಟಾಂವ ಹುಟ್ಟೇ ಇಲ್ಲ ಅಂತ ತಿಳ್ಕೊಳ್ರಿ. ತಾಡಪತ್ರಿಗೆ ಗ್ರಾಮಲೆಕ್ಕಿಗ್ರು, ಮುಂಜಾನೆ 10ಕ್ಕ. ನೀರಿಗೆ ಪಿಡಬ್ಲ್ಯುಡಿ ಎಂಜಿನಿಯರ್ರು, 11ಕ್ಕ. ಹಿಂಗ.

ರಿಪೋರ್ಟ್ ಬರೋ ಹಂಗ ಮಾಡೋದು

ಇದ ಎಲ್ಲಕ್ಕಿಂತ ಗಟ್ಟಿ ಕೆಲ್ಸ. ನಮ್ಮ ಕಡೆ ದೊಡ್ಡವ್ರಿಗೆ ಎದುರು ಮಾತಾಡಬಾರ್ದು ಅಂತ ಕಲ್ಸಿ ಬೆಳಸ್ಯಾರ, ಸಾಹೇಬ್ರ ಮುಂದ "ಇದು ತಪ್ಪೈತ್ರಿ" ಅನ್ನಾಕ ಬಾಯಿ ಬರಂಗಿಲ್ಲ. ಇದು ಬರೇ ನಮ್ಮ ಹಳ್ಳಿ ಹುಡುಗ್ರ ಕಥಿ ಅಲ್ಲ. 2010ರ ಮೇ 22ಕ್ಕ ಮಂಗಳೂರಾಗ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಟೇಬಲ್‌ಟಾಪ್ ರನ್‌ವೇ ದಾಟಿ ಕೆಳಗ ಬಿದ್ದು 158 ಮಂದಿ ಹೋದ್ರು, ಉಳಿದೋರು 8 ಮಂದಿ. ತನಿಖಾ ವರದಿ ಹೇಳೋದೇನು ಗೊತ್ತೇನ್ರಿ, ಇಳಿಸೋದು ಬಿಟ್ಟು ಮ್ಯಾಲೆ ಹೋಗೋಣು ಅಂತ ಕೋ-ಪೈಲಟ್ ಮೂರು ಸಲ ಹೇಳಿದ್ರು, ವಿಮಾನದಾಗಿನ ಎಚ್ಚರಿಕಿ ಗಂಟೆನೂ ಕೂಗ್ತಿತ್ತು, ಕ್ಯಾಪ್ಟನ್ ಕೇಳ್ಲಿಲ್ಲ. ಅಲ್ಲಿ ಹೇಳೋರು ಹೇಳಿದ್ರು, ಆದ್ರೂ ಹಿಂಗಾತು. ಹೇಳಾಕನ ಅಂಜೋ ಜಾಗದಾಗ ಏನಾಗಬಹುದು ಲೆಕ್ಕ ಹಾಕ್ರಿ. ಅದಕ್ಕ ಹೇಳೋರನ್ನ ತಯಾರು ಮಾಡೋದ್ರ ಜೋಡಿ ಕೇಳೋರನ್ನೂ ತಯಾರು ಮಾಡ್ಬೇಕು, ಟ್ರೈನಿಂಗ್ ಅಂದ್ರ ಬರೇ ಜೂನಿಯರ್‌ಗಳನ್ನ ಕುಂದ್ರಿಸಿ ಸ್ಲೈಡ್ ತೋರಿಸೋದು ಅಂತ ತಿಳ್ಕೊಂಡಾರ ಭಾಳ ಮಂದಿ.

ಮಾಡೋದು ಹೆಂಗ? ಇಂಗ್ಲಿಷ್ ಫಾರಂ ಇಟ್ಟು ಡಬ್ಬಿ ತೂಗುಹಾಕಿದ್ರ ಡಬ್ಬಿಯೊಳಗ ಹಲ್ಲಿ ತತ್ತಿ ಇಡ್ತೈತಿ ಅಷ್ಟ. ಒಂದು ಮೊಬೈಲ್ ನಂಬರ್ ಇಡ್ರಿ, ಕನ್ನಡದಾಗ, ಹಿಂದಿಯೊಳಗ, ತೆಲುಗಿನ್ಯಾಗ ಯಾವ ಭಾಷೆದಾಗರೆ ವಾಯ್ಸ್ ಮೆಸೇಜ್ ಕಳಸ್ರಿ ಅನ್ರಿ, ಒಂದು ಫೋಟೋ ಇದ್ರ ಇನ್ನೂ ಚಲೋ. ಬಂದದ್ದನ್ನ ಸೇಫ್ಟಿ ಮ್ಯಾನೇಜರ್ ಕೇಳಿ ತಾನ ರಿಜಿಸ್ಟರಿಗೆ ಏರಿಸ್ಬೇಕು, ಹೆಸ್ರು ಬಿಟ್ಟು. ಗ್ರೂಪ್ ಮಾಡಬ್ಯಾಡ್ರಿ, ಗ್ರೂಪ್‌ದಾಗ ಸಾಹೇಬ್ರು ಇರ್ತಾರ, ಗುಡ್ ಮಾರ್ನಿಂಗ್ ಹೂವಿನ ಫೋಟೋ ಬರ್ತಾವ ಅಷ್ಟ.

ಒಂದು ಉದಾಹರಣೆ ತಗೊಳ್ರಿ. ಇಂಧನ ತುಂಬೋ ಮೊದ್ಲು ಟ್ಯಾಂಕರ್‌ದಿಂದ ವಿಮಾನಕ್ಕ ಬಾಂಡಿಂಗ್ ವೈರ್ ಹಾಕ್ತಾರ, ಸ್ಟ್ಯಾಟಿಕ್ ಕರೆಂಟಿನ ಕಿಡಿ ಹಾರಬಾರ್ದು ಅಂತ. ನಮ್ಮ ಒಣ ಹವಾದಾಗ ಅದು ಭಾಳ ಮುಖ್ಯ. ಆ ವೈರಿನ ಕ್ಲಿಪ್ ಸ್ಪ್ರಿಂಗ್ ಸಡ್ಲಾಗಿ ಸರಿಯಾಗಿ ಕಚ್ಚವಲ್ದು ಅಂತ ಹೆಲ್ಪರ್ ಒಬ್ಬ ವಾಯ್ಸ್ ಮೆಸೇಜ್ ಕಳಸ್ತಾನ ಅನ್ರಿ, ಜೋಡಿಗೆ "ಮೊನ್ನೆ ಒಮ್ಮೆ ಬಿಚ್ಚಿ ಬಿದ್ದಿತ್ರಿ, ಮತ್ತ ಹಚ್ಚಿ ನಡೆಸೀನಿ" ಅಂತಾನೂ ಹೇಳ್ತಾನ. ಈಗ ನೀವು ಮಾಡೋ ಮೊದ್ಲ ಕೆಲ್ಸದಾಗ ನಿಮ್ಮ ಎಸ್‌ಎಂಎಸ್ ಹಣೆಬರಹ ಐತಿ. "ಯಾಕ ನಡಸ್ದಿ, ಮೆಮೊ ಕೊಡ್ತೀನಿ" ಅಂದ್ರ ಇನ್ನ ಮ್ಯಾಲ ಆ ನಂಬರಿಗೆ ಒಂದೂ ಮೆಸೇಜ್ ಬರಂಗಿಲ್ಲ, ಮುಂದಿನ ಕ್ಲಿಪ್ ಬಿದ್ದಾಗ ಯಾರಿಗೂ ಗೊತ್ತಾಗಂಗಿಲ್ಲ. ಅವತ್ತ ಕ್ಲಿಪ್ ಬದಲಿ ಮಾಡಸ್ರಿ, ಉಳಿದ ಟ್ಯಾಂಕರ್ ಕ್ಲಿಪ್ಪೂ ನೋಡ್ರಿ, ಎರಡು ದಿನದೊಳಗ ಅಂವಗ "ಬದಲಿ ಮಾಡೇವಪಾ" ಅಂತ ತಿರುಗಿ ಹೇಳ್ರಿ. ಈ ತಿರುಗಿ ಹೇಳೋದನ್ನ ಎಲ್ಲಾರೂ ಬಿಡ್ತಾರ.

ಹಂಗಂತ ಏನು ಮಾಡಿದ್ರೂ ಮಾಫಿ ಅಂತಲ್ಲ. ಜಸ್ಟ್ ಕಲ್ಚರ್ ಅನ್ನೋದ್ರಾಗ ಕೈತಪ್ಪಿ ಆದದ್ದು ಬ್ಯಾರೆ, ಗೊತ್ತಿದ್ದೂ ಬೇಕಂತ ನಿಯಮ ಮುರಿದದ್ದು ಬ್ಯಾರೆ. ಕುಡುದು ಡ್ಯೂಟಿಗೆ ಬಂದಾಂವ "ನಾನ ರಿಪೋರ್ಟ್ ಮಾಡೀನಲ್ರಿ" ಅಂದ್ರ ನಡಿಯಂಗಿಲ್ಲ. ಆ ಗೆರಿ ಎಲ್ಲಿ ಐತಿ ಅಂತ ಮೊದ್ಲ ಬರ್ದು, ಮಾಲೀಕ್ರ ಕಡಿಂದ ಸೈನ್ ಮಾಡಿಸಿ, ಎಲ್ಲಾರಿಗೂ ಓದಿ ಹೇಳ್ರಿ. ಇನ್ನ ಅಪಘಾತ, ಗಂಭೀರ ಘಟನೆ ಇವನ್ನ ಡಿಜಿಸಿಎ ಮತ್ತ ವಿಮಾನ ಅಪಘಾತದ ತನಿಖೆ ಮಾಡೋ ಎಎಐಬಿಗೆ ತಿಳಿಸೋದು ಕಾನೂನು, ಅಲ್ಲಿ ಇಷ್ಟ ಬಂದ್ರ ಅನ್ನೋ ಮಾತಿಲ್ಲ.

ಬದಲಾವಣೆ ಬಂದಾಗ ಮತ್ತ ಲೆಕ್ಕ

ಹೊಸ ವಿಮಾನ, ಹೊಸ ಗುತ್ತಿಗೆದಾರ, ಹೊಸ ಟೈಮ್‌ಟೇಬಲ್ ಬಂದಾಗೆಲ್ಲ ರಿಸ್ಕ್ ಮತ್ತ ನೋಡ್ಬೇಕು ಅಂತ ಪುಸ್ತಕ ಹೇಳ್ತೈತಿ. ನಮ್ಮ ಕಡೆ ಅದಕ್ಕ ಬೇಸಿಗಿನೂ ಸೇರ್ಸ್ರಿ. ಬಳ್ಳಾರಿ ಸಮುದ್ರ ಮಟ್ಟದಿಂದ ಸುಮಾರು 1,500 ಅಡಿ ಎತ್ತರ ಐತಿ, ಆ ಎತ್ತರಕ್ಕ ವಿಮಾನದ ಲೆಕ್ಕದ ಪ್ರಕಾರ ಸ್ಟ್ಯಾಂಡರ್ಡ್ ಉಷ್ಣಾಂಶ 12 ಡಿಗ್ರಿ. ಮೇ ತಿಂಗಳದಾಗ 42 ಇದ್ರ 30 ಡಿಗ್ರಿ ಹೆಚ್ಚಾತು, ಒಂದೊಂದು ಡಿಗ್ರಿಗೆ ಸುಮಾರು 120 ಅಡಿ ಲೆಕ್ಕ ಹಿಡಿದ್ರ ವಿಮಾನದ ಎಂಜಿನ್ನಿಗೆ, ರೆಕ್ಕಿಗೆ 5,000 ಅಡಿ ಎತ್ತರದಾಗ ಇದ್ದಂಗ ಅನ್ನಿಸ್ತೈತಿ. ಓಡೋ ದೂರ ಹೆಚ್ಚು ಬೇಕು, ಏರೋದು ನಿಧಾನ. ಲೆಕ್ಕ ಮಾಡಿ ತೂಕ ಕಡಿಮಿ ಮಾಡೋದು ಪೈಲಟ್ ಕೆಲ್ಸ ಖರೆ, ಆದ್ರ "ಇನ್ನ ಎರಡು ಬ್ಯಾಗ್ ಹಾಕ್ರಿ, ವಿಐಪಿ ಜೋಡಿ ಇನ್ನೊಬ್ರು ಬರ್ತಾರ" ಅಂತ ಒತ್ತಾಯ ಮಾಡೋರು ನೆಲದ ಮ್ಯಾಲಿನವ್ರು, ಅದಕ್ಕ ಆ ಒತ್ತಾಯನೂ ರಿಜಿಸ್ಟರ್‌ದಾಗ ಹಜಾರ್ಡ್ ಅಂತ ಬರೀರಿ.

ಅಳತಿ

ಅಪಘಾತ ಸೊನ್ನೆ ಅಂತ ಬೋರ್ಡ್ ಹಾಕೋದು ಚಂದ ಕಾಣತೈತಿ, ಸಣ್ಣ ಜಾಗದಾಗ ಅದರಿಂದ ಏನೂ ತಿಳಿಯಂಗಿಲ್ಲ, ಅದೃಷ್ಟ ಇದ್ರೂ ಸೊನ್ನೆನ. ತಿಂಗಳಿಗೆ ಎಷ್ಟು ರಿಪೋರ್ಟ್ ಬಂದ್ವು, ಎಷ್ಟಕ್ಕ ಉತ್ರ ಹೋತು, ಕ್ರಮಕ್ಕ ಬರ್ದ ತಾರೀಖು ಎಷ್ಟು ದಾಟಿದ್ವು, ಮುಂಜಾನೆ ರನ್‌ವೇ ಮ್ಯಾಲ ಆರಿಸಿದ ನಟ್ಟು, ಕಲ್ಲು, ಪ್ಲಾಸ್ಟಿಕ್ ಎಷ್ಟು, ಇವನ್ನ ಎಣಸ್ರಿ. ರಿಪೋರ್ಟ್ ಜಾಸ್ತಿ ಆದ್ವು ಅಂತ ಗಾಬರಿ ಆಗಿ ಮ್ಯಾಲಿನವ್ರು ಬೈಯ್ಯಾಕ ಬಂದ್ರ ಸೇಫ್ಟಿ ಮ್ಯಾನೇಜರ್ ಅಡ್ಡ ನಿಲ್ಲಬೇಕು, ಕಡಿಮಿ ಆದಾಗ ಗಾಬರಿ ಆಗ್ರಿ ಅಂತ.

ಡ್ರೋನ್ ಹುಡುಗ್ರಿಗೆ

ನಿಮಗ 12 ಅಂಶದ ಎಸ್‌ಎಂಎಸ್ ಯಾರೂ ಕೇಳಂಗಿಲ್ಲ, ಆದ್ರ 10 ಲೀಟರ್ ಟ್ಯಾಂಕ್ ಹೊತ್ತ ಡ್ರೋನ್ ತಲಿ ಮ್ಯಾಲ ಬಿದ್ರ ಅದೂ ಅಪಘಾತನ. 2021ರ ಡ್ರೋನ್ ರೂಲ್ಸ್ ಪ್ರಕಾರ 2 ಕೆಜಿಯಿಂದ 25 ಕೆಜಿ ತನಕ ಸ್ಮಾಲ್ ಕೆಟಗರಿ, ರಿಮೋಟ್ ಪೈಲಟ್ ಸರ್ಟಿಫಿಕೇಟ್ ಬೇಕು, ಯುಐಎನ್ ಅನ್ನೋ ಡ್ರೋನಿನ ಗುರುತಿನ ನಂಬರ್ ಬೇಕು, ಹಾರಸೋ ಮೊದ್ಲು ಸರ್ಕಾರದ ಡಿಜಿಟಲ್ ಸ್ಕೈ ಅನ್ನೋ ವೆಬ್‌ಸೈಟಿನ ಮ್ಯಾಪ್‌ದಾಗ ಜಾಗ ಹಸಿರು ಐತೋ ಹಳದಿನೋ ಕೆಂಪೋ ನೋಡ್ಬೇಕು, ತೋರಣಗಲ್ಲ ಸುತ್ತ ಇರೋರು ಇದನ್ನ ಬಿಡಲೇಬಾರ್ದು. ಒಂದು ನೂರು ಪುಟದ ನೋಟ್‌ಬುಕ್ ತಗೊಳ್ರಿ, ಹೊಲದ ಮ್ಯಾಲ ಹೋಗೋ ಕರೆಂಟ್ ವೈರು, ಗಾಳಿ ದಿಕ್ಕು, ಬಾಜು ಹೊಲದಾಗ ಕಳೆ ಕೀಳೋ ಹೆಣ್ಮಕ್ಳು ಅದಾರೇನು, ಉಬ್ಬಿದ ಬ್ಯಾಟರಿ ಐತೇನು, ಇಷ್ಟು ಪ್ರತಿ ಹೊಲಕ್ಕ ಬರೀರಿ. ರೈತ ಬಾಜೂಕ ನಿಂತು "ಇನ್ನೊಂದು ಎಕರೆ ಹೊಡದ್ಬಿಡು ತಮ್ಮಾ" ಅಂತಾನ, ಬ್ಯಾಟರಿ ಇಷ್ಟಕ್ಕಿಂತ ಇಳಿದ್ರ ಇಳಿಸೋದು ಅಂತ ಮನ್ಯಾಗ ಇದ್ದಾಗನ ನಿಕ್ಕಿ ಮಾಡ್ಕೊಂಡು ಹೋಗಿರ್ರಿ, ಹೊಲದಾಗ ನಿಂತು ನಿಕ್ಕಿ ಮಾಡಾಕ ಆಗಂಗಿಲ್ಲ.

ಎಮರ್ಜೆನ್ಸಿ ಪ್ಲ್ಯಾನ್

ಇದನ್ನ ಎಲ್ಲಾರೂ ಇನ್ನೊಬ್ರದನ್ನ ಕಾಪಿ ಹೊಡೀತಾರ, ಹಿಂದಿನ ಊರಿನ ಆಸ್ಪತ್ರೆ ಹೆಸ್ರೂ ಹಂಗ ಬಂದಿರ್ತೈತಿ. ನಿಮ್ಮ ಜಾಗದಿಂದ ಹತ್ರದ ಫೈರ್ ಸ್ಟೇಷನ್ ಯಾವುದು, ದಾರಿಯೊಳಗ ರೈಲ್ವೆ ಗೇಟ್ ಐತೇನು, ಅದಿರು ಲಾರಿ ಸಾಲು ನಿಲ್ಲೋ ರೋಡೇನು, ಸುಟ್ಟ ಗಾಯ ನೋಡೋ ಆಸ್ಪತ್ರೆ ಎಲ್ಲೈತಿ, ಗಾಡಿ ತಗೊಂಡು ಒಮ್ಮೆ ಹೋಗಿ ಬಂದು ಬರೀರಿ. 112, 108 ಬಿಟ್ಟು ಉಳಿದ ಪ್ರತಿ ನಂಬರಿಗೂ ಫೋನ್ ಹಚ್ಚಿ ಯಾರು ಎತ್ತತಾರ ನೋಡ್ರಿ. ವರ್ಗಾ ಆಗಿ ಹೋದ ಸಾಹೇಬ್ರ ನಂಬರ್ ಇದ್ರ ಅವತ್ತ ಬದಲಿ ಮಾಡ್ರಿ, ಲಿಸ್ಟ್ ಕೆಳಗ ತಾರೀಖು ಹಾಕ್ರಿ, ಮೂರು ತಿಂಗಳಿಗೆ ಮತ್ತ ಹಚ್ಚಿ ನೋಡ್ರಿ.